ಭಟ್ಟಿ ಒಳಗಿಂದ ಬಂದ ಸದ್ದು

ಇದು ಅವರಿವರು ಹೇಳಿದ ಕತೆಯಲ್ಲ. ಅನಗೋಳದ ನಮ್ಮ ಪಕ್ಕದ ಮನೆಯ ಪೂರ್ಣಿಮಾಗೆ ಆದದ್ದು. ದೀಪ ಆರಿಸಬೇಡಿ, ಇರಲಿ...

ಹೊತ್ತು ಮೀರಿತ್ತು. ಖಾನಾಪುರದ ಹೊರಗೆ, ಖಾಲಿ ಮಣ್ಣಿನ ಕೊಡ ಹಿಡಿದು ಪೂರ್ಣಿಮಾ ಒಬ್ಬಳೇ ಬಾವಿಯ ಕಡೆ ನಡೆದಿದ್ದಳು. ಹಿಂದೆ ಕುಂಬಾರ ಕಲ್ಮೇಶನ ಭಟ್ಟಿ ಗೂಂ... ಎಂದು ಉರಿಯುತ್ತಿತ್ತು. ಅನಗೋಳದಲ್ಲಿ ಅವಳದು ಮನೆ ಹಿಂದೆ ಮಣ್ಣಿನ ಗಡಿಗೆ, ಹೂಜಿ ಮಾಡುವ ಸಣ್ಣ ಸ್ಟುಡಿಯೋ. ಓಣಿಯಲ್ಲಿ ಕಟ್ಟಿಗೆ ಭಟ್ಟಿ ಹಚ್ಚಿದರೆ ಜನ ಸುಮ್ಮನೆ ಬಿಟ್ಟಾರೆಯೇ? ಅದಕ್ಕೇ ಮಾಡಿದ್ದನ್ನೆಲ್ಲ ಹುಲ್ಲಿನಲ್ಲಿ ಸುತ್ತಿ ಇಲ್ಲಿಗೆ ತಂದು ಸುಡುವುದು ರೂಢಿ. ಆ ರಾತ್ರಿ ವರ್ಷದ ದುಡಿಮೆಯೆಲ್ಲ ಭಟ್ಟಿಯೊಳಗಿತ್ತು.

ದಣಿದ ಕಲ್ಮೇಶ ಮಲಗಲು ಹೋಗುವಾಗ ಹೇಳಿದ್ದ: "ಅಕ್ಕಾರ, ಬೆಳಗಾಗೂತನಾ ಉರಿ ಇಳಿಯಾಕ ಬಿಡಬ್ಯಾಡ್ರಿ. ಇಳೀತಂದ್ರ ಎಲ್ಲಾ ಹಾಳ. ಇನ್ನೊಂದ... ಭಟ್ಟಿ ಉರಿಯೂ ಮುಂದ ಯಾವ ಗಡಿಗಿನೂ ಬಡದ ನೋಡಬ್ಯಾಡ್ರಿ."

"ಯಾಕೋ?"

"ನಮ್ಮಲ್ಲಿ ಬಡಿಯೂದಿಲ್ರಿ."

ಆದರೆ ಕೈ ಕೇಳಬೇಕಲ್ಲ. ಬೆರಳ ಗಿಣ್ಣಿನಿಂದ ಬಡಿದು ನೋಡುವುದು ಮಣ್ಣಿನ ಕೆಲಸದವರ ಚಾಳಿ. ಗಟ್ಟಿ ಇದ್ದರೆ ಟಣ್, ಬಿರುಕಿದ್ದರೆ ಠಪ್. ಬಾವಿ ಕಟ್ಟೆಯ ಮೇಲೆ ಕೊಡ ಇಟ್ಟವಳೇ ಮರೆತು ಬಡಿದಳು.

ಟಣ್.

ಭಟ್ಟಿಯೊಳಗಿಂದ... ಟಣ್.

ಬೆಂಕಿಗೆ ಏನೋ ಸಿಡಿದಿರಬೇಕು ಅಂದುಕೊಂಡಳು. ನೀರು ಸೇದಿದಳು, ರಾಟೆ ಕಿರ್ರ್ ಅಂತು. ಮತ್ತೆ ಟಣ್. ಸ್ವಲ್ಪ ಬಿಟ್ಟು, ಇನ್ನೊಂದು ಟಣ್. ಕೆಂಡದಂತೆ ಕಾದ ಭಟ್ಟಿ, ಬಾಗಿಲಿಗೆ ಇಟ್ಟಿಗೆ ಕಟ್ಟಿ ಮಣ್ಣು ಮೆತ್ತಿದೆ. ಒಳಗೆ ಯಾರೋ ಸಾವಕಾಶವಾಗಿ ಒಂದೊಂದೇ ಗಡಿಗೆ ಬಡಿದು ನೋಡುತ್ತಿದ್ದಾರೆ...

ಓಡಿಬಿಡಬೇಕು ಅನ್ನಿಸಿತು. ಓಡಿದರೆ ಉರಿ ಇಳಿಯುತ್ತದೆ. ಹಲ್ಲು ಕಚ್ಚಿ ಬಂದು ಕಟ್ಟಿಗೆ ಒಟ್ಟತೊಡಗಿದಳು. ಸದ್ದು ಹಿಂದಿನ ಸಾಲಿನಿಂದ ಮುಂದಿನ ಸಾಲಿಗೆ ಬಂತು. ಬಾಗಿಲ ಹತ್ತಿರ ಬಂತು. ಆಮೇಲೆ ಒಳಗಿನಿಂದ ಇಟ್ಟಿಗೆಗೇ ಬಡಿಯಿತು. ಟಕ್. ಟಕ್.

"ಯಾರ?" ಅಂದಳು.

ಸದ್ದು ನಿಂತಿತು. ಬೆಳಗಿನತನಕ ಮತ್ತೆ ಬರಲಿಲ್ಲ. ಅವಳು ಉರಿಯನ್ನೂ ಇಳಿಯಗೊಡಲಿಲ್ಲ.

ಭಟ್ಟಿ ಆರಿದ ಮೇಲೆ ಕಲ್ಮೇಶ ಬಾಗಿಲು ಬಿಚ್ಚಿದ. ಒಂದೂ ಒಡೆದಿರಲಿಲ್ಲ, ಬಣ್ಣವಂತೂ ನೋಡುವ ಹಾಗಿತ್ತು. ಪೂರ್ಣಿಮಾಗೆ ಜೀವ ಬಂದಂತಾಯಿತು. ಒಂದು ಹೂಜಿ ಎತ್ತಿ ಬಡಿದಳು. ಟಣ್ ಅನ್ನಲಿಲ್ಲ, ಠಪ್ ಅಂತಲೂ ಅನ್ನಲಿಲ್ಲ... ಏನೂ ಇಲ್ಲ. ಅದನ್ನೇ ಕಲ್ಮೇಶ ಇಸಿದುಕೊಂಡು ಬಡಿದ. ಟಣ್ ಅಂತು.

ಅವನು ಹೂಜಿ ನೋಡಲಿಲ್ಲ, ಅವಳ ಕೈ ನೋಡಿದ.

"ಬಡದಿದ್ರೇನ್ರಿ, ಅಕ್ಕಾರ?" ಮೆಲ್ಲಗೆ ಕೇಳಿದ.

ಅವಳು ಹೌದೆಂದು ತಲೆಯಾಡಿಸಿದಳು. ಅವನು ಹೂಜಿಯನ್ನು ಹುಲ್ಲಿನಲ್ಲಿ ಸುತ್ತತೊಡಗಿದ.

ಕೈಗೆ ನೋವಿಲ್ಲ, ಬಾವೂ ಇಲ್ಲ. ನೆಹರು ನಗರದ ಡಾಕ್ಟರು ನೋಡಿ, ಎಲ್ಲ ಸರಿ ಇದೆ ಅಂದರು. ಅವರಿಗೆ ಏನಂತ ಹೇಳಿಯಾಳು, ಪಾಪ? ಈಗಲೂ ಗಡಿಗೆ ಮಾಡುತ್ತಾಳೆ. ಗಟ್ಟಿಯೋ ಬಿರುಕೋ ಎಂದು ಗಂಡ ಬಡಿದು ಹೇಳಬೇಕು.

ನಂಬುವುದು ಬಿಡುವುದು ನಿಮಗೆ ಬಿಟ್ಟಿದ್ದು. ಮೊನ್ನೆ ಕರೆಂಟು ಹೋಗಿತ್ತು, ಬೆಲ್ಲು ಇಲ್ಲ. ನಾನು ಕಿಟಕಿಯ ಹತ್ತಿರ ಕೂತು ಹೊರಗೆ ನೋಡುತ್ತಿದ್ದೆ. ಪೂರ್ಣಿಮಾ ಬಂದು ನಮ್ಮ ಬಾಗಿಲು ಬಡಿದಳು... ಮತ್ತೂ ಬಡಿದಳು. ತೇಗದ ಬಾಗಿಲು. ಖರೇ ಹೇಳುತ್ತೇನೆ, ಅವಳ ಬಳೆಯ ಸದ್ದಷ್ಟೇ ಕೇಳಿತು.