ತೆಂಕಣ ಗಾಳಿ

ಮೇ ತಿಂಗಳ ಬಿಸಿಗಾಳಿ ಧೂಳೆಬ್ಬಿಸುತ್ತಿತ್ತು. ಕಾಲೇಜು ಮುಗಿಸಿ ದಿಲ್ಲಿಯ ದ್ವಾರಕಾದ ಬಸ್ ಸಾಲಿನಲ್ಲಿ ನಿಂತಿದ್ದ ಹಂಸಿನಿಯ ಕಿವಿಗೆ ಮುಂದಿದ್ದ ಮುದುಕಿ ಮತ್ತು ಅವಳ ಮಗಳ ಕನ್ನಡ ಬಿತ್ತು.

"ತೆಂಕಣ ಗಾಳಿ ಎದ್ದಿದೆ. ಶೀನನಿಗೆ ಫೋನ್ ಮಾಡು, ದೋಣಿ ಇಳಿಸುವುದು ಬೇಡ."

"ಅಮ್ಮಾ, ಇದು ದಿಲ್ಲಿಯ ಲೂ, ಬೇಸಿಗೆಯ ಬಿಸಿಗಾಳಿ. ಇಲ್ಲಿ ಬಲೆ ಬೀಸಿದರೆ ಧೂಳೇ ಸಿಕ್ಕೀತು."

"ಬಂಗುಡೆ ದಡಕ್ಕೆ ಬಂದರೆ ಅವನು ಗಾಳಿ ನೋಡುವವನಲ್ಲ. ಮಾಡು."

ಮಗಳು ಒಂದು ಅಂಕಿಯನ್ನೂ ಒತ್ತದೆ ಮೊಬೈಲನ್ನು ಕಿವಿಗಿಟ್ಟಳು.

"ಶೀನಣ್ಣಾ, ಇವತ್ತು ಕಡಲಿಗೆ ಹೋಗಬೇಡ. ಹಾಂ, ಅಚ್ಛಾ. ಹೋಗುವುದಿಲ್ಲವಂತೆ ಅಮ್ಮಾ."

"ಹೋದ ವರ್ಷವೂ ಮಾಡು ಅಂದಿದ್ದೆ. ಆಮೇಲೆ ಮಾಡುತ್ತೇನೆ ಅಂದೆ ನೀನು. ಶೀನ ಕಡಲಿಗಿಳಿದ. ಹೆಣವೂ ಸಿಗಲಿಲ್ಲ."

ಬಸ್ ಬಂತು. ಮಗಳು ಫೋನನ್ನು ಕಿವಿಯಿಂದ ತೆಗೆಯದೆಯೇ ಅಮ್ಮನ ಕೈ ಹಿಡಿದು ಹತ್ತಿಸಿದಳು.