ಸುಡಾನದಾಗಿನ ಬಸರಿ ಬಯಕಿ

…ಅಲ್ಲವಾ ಪೂಜಾ, ನನ್ನ ಬಸರಿನ ವಾಂತಿ ಅಂದ್ರ ನಿನ್ನ ಈಗಿನ ವಾಂತಿ ಅಲ್ಲ ಅದು, ಒಂದು ಗುಳಿಗಿ ನುಂಗಿ ಮೊಬೈಲ್ ನೋಡ್ಕೋತ ಬಿದ್ಕೊಳ್ಳೋದಲ್ಲ. ನೀರು ಕುಡದ್ರ ನೀರು ಹೊರಗ, ಚಾ ಕುಡದ್ರ ಚಾ ಹೊರಗ. ನೀನರೇ ಬರೋ ವಾರ ಗಂಡನ ಹತ್ರ ದುಬೈಗಿ ಹೊಂಟೀದಿ, ಅಲ್ಲಿ ಏನು ಬೇಡ್ತಿ ಅದು ಸಿಗ್ತದ. ನಾ ಹೋಗಿದ್ದು ಸುಡಾನಿಗಿ, ನೀವೂ ಕೇಳ್ರಿ ಎಲ್ಲಾರೂ. ನಿಮ್ಮ ಮುತ್ಯಾ ಆಗ ಕಲಬುರಗಿ ಕಪನೂರದಾಗ ಒಂದು ವರ್ಕ್‌ಶಾಪಿನ್ಯಾಗ ಫಿಟ್ಟರ್ ಇದ್ರು, ಸಿಮೆಂಟ್ ಫ್ಯಾಕ್ಟರಿ ಮಷೀನ್ ಕೂಡ್ಸೋ ಕೆಲಸ ಅಂತ ಅಲ್ಲಿಗಿ ಹೋದ್ರು, ವರ್ಷ ಆದ ಮ್ಯಾಲ ನನಗೂ ಕರಸ್ಕೊಂಡ್ರು. ಓಣ್ಯಾಗೆಲ್ಲ ಒಂದೇ ಸುದ್ದಿ, ಶಾಂತಾ ಫಾರಿನ್‌ಗ ಹೊಂಟಾಳ, ಶಾಂತಾ ಫಾರಿನ್‌ಗ ಹೊಂಟಾಳ. ಫಾರಿನ್ ಅಂದ್ರ ಬರ್ಫ ಬೀಳ್ತದಂತ ತಿಳಕೊಂಡು ನಮ್ಮತ್ತಿ ಒಂದು ದಪ್ಪನ ಸ್ವೆಟರ್ ಹೆಣದು ಕೊಟ್ರು. ವಿಮಾನ ಇಳದು ನೋಡ್ತೀನಿ, ಬಿಸಿಲೋ ಬಿಸಿಲು, ನಮ್ಮ ಕಲಬುರಗಿ ಬಿಸಿಲಿಗಿ ಅಣ್ಣ ಅನ್ಬೇಕು ಹಂಗ! ಕಲಬುರಗಿ ಬಿಟ್ಟು ಕಲಬುರಗಿಗೇ ಬಂದಂಗಾತು, ನಡುವ ಸುಮ್ನ ವಿಮಾನ ಹತ್ತಿದ್ದೊಂದು.

ಅಲ್ಲಿ ನಮಗ, ಅಂದ್ರ ಇಂಡ್ಯಾದವ್ರಿಗಿ, ಬ್ಯಾರೇನೇ ಕಾಲೋನಿ. ಸುತ್ತ ಎತ್ತರದ ಗ್ವಾಡಿ, ಒಳಗ ಒಂದು ಅಂಗಡಿ, ಒಂದು ದವಾಖಾನಿ. ಅಂಗಡ್ಯಾಗ ಅಕ್ಕಿ, ಮೈದಾ, ಆಲೂಗಡ್ಡಿ, ಉದ್ದನ ಬ್ರೆಡ್ಡು. ಹೋಗಿ ನಾಕು ತಿಂಗಳಿಗೆ ನಾ ಬಸರಾದೆ. ಇದ ನೋಡು, ನಿಮ್ಮವ್ವ ಹೊಟ್ಯಾಗ. ಆ ಬ್ರೆಡ್ಡಿನ ವಾಸನಿ ಬಂದ್ರ ಸಾಕು, ಹೊಟ್ಟಿ ಕಿತ್ತು ಬಾಯಿಗಿ ಬರ್ತಿತ್ತು. ಅನ್ನ ನೋಡಿದ್ರ ಹುಳ ಕಂಡಂಗ ಆಗ್ತಿತ್ತು. ನನ್ನ ತವರು ಕಮಲಾಪುರ, ಮಂದಿ ಕಮಲಾಪುರದ ಹುಡುಗಿ ಅಂದ್ರ ಕೆಂಪು ಬಾಳಿಹಣ್ಣು ಬಯಸ್ತಾಳ ಅಂತ ತಿಳೀತಾರ, ನನಗ ಅದೂ ಬ್ಯಾಡ. ನನಗ ಬೇಕಾಗಿದ್ದು ಬಿಸಿ ಜ್ವಾಳದ ರೊಟ್ಟಿ, ಮ್ಯಾಲೊಂದಿಷ್ಟು ಶೇಂಗಾ ಹಿಂಡಿ. ಅಷ್ಟೇ. ರಾಣಿ ಬಯಕಿ ಅಲ್ಲ ಅದು, ನಮ್ಮ ಹೊಲದಾಗ ಕಳೇ ಕೀಳಾಕ ಬಂದವ್ರು ಬುತ್ತಿ ಕಟಕೊಂಡು ಬರೋ ಊಟ. ನಮ್ಮವ್ವಗ ಸುದ್ದಿ ಮುಟ್ಟಿ, ಊರಿಂದ ಬರೋರೊಬ್ಬರ ಕೈಯಾಗ ಒಂದು ಡಬ್ಬಿ ಜ್ವಾಳದ ಹಿಟ್ಟು ಕಳಿಸಿದ್ಲು. ಅದು ಮುಂಬೈದಾಗ ಕುಂತು, ಮತ್ತೆಲ್ಲೋ ಕುಂತು, ನನ್ನ ಕೈಗಿ ಬರೋದ್ರಾಗ ಕಹಿ ಕಹಿ ಆಗಿತ್ತು. ಹಿಟ್ಟಿನ ಜಿಗಿ ಹೋಗಿತ್ತು, ಬಡೀಲಾಕ ಹೋದ್ರ ಬೂದಿ ಬಡದಂಗ ಒಡೀತು. ಪರಾತ ಮುಂದಿಟ್ಕೊಂಡು ಅತ್ತಿದ್ದು ಅತ್ತಿದ್ದೆ.

ಬಾಜೂ ಮನ್ಯಾಗ ದೊಡ್ಡ ಇಂಜಿನಿಯರನ ಹೆಂಡತಿ, ದಿಲ್ಲಿ ಕಡೆಯಾಕಿ, ಎಲ್ಲರೂ ಮೇಡಂ ಅಂತಿದ್ರು. ಹೋಗಿ ಕೇಳ್ದೆ, ನನ್ನ ಕಲಬುರಗಿ ಹಿಂದ್ಯಾಗ, "ಮೇಡಂ, ಇಧರ್ ಜ್ವಾರ್ ಮಿಲ್ತಾ ಕ್ಯಾ?" ಆಕಿ ಮೂಗು ಹಿಂಗ ಏರಿಸಿ, "ಜ್ವಾರ್? ಯಹಾಂ? ಯೇ ಫಾರಿನ್ ಹೈ, ಶಾಂತಾ!" ಅಂದ್ಲು. ನಾಕು ವರ್ಷದಿಂದ ಇದ್ದಾಕಿ, ಖರೇನೇ ಇರಬೇಕಂತ ನಂಬಿದೆ. ಆಕಿ ಆ ನಾಕು ವರ್ಷದಾಗ ಗ್ವಾಡಿ ಆಚಿ ಕಾಲಿಟ್ಟಿಲ್ಲಂತ ನನಗೇನು ಗೊತ್ತು? ಡಾಕ್ಟರ್ ತೂಕ ಮಾಡಿ ತಲಿ ಅಲ್ಲಾಡ್ಸಿದ. ನಿಮ್ಮ ಮುತ್ಯಾನ ಕಡೆ ನೋಡಿ ಇಂಗ್ಲೀಷಿನ್ಯಾಗ ಏನೇನೋ ಅಂದ. ಹೊರಗ ಬಂದು "ಏನಂದ್ರೀ?" ಅಂದ್ರ, ಇವರು ಬೂಟ್ ನೋಡ್ಕೋತ, "ಮುಂದಿನ ಸಲಕ್ಕೂ ತೂಕ ಏರಲಿಲ್ಲಂದ್ರ ಕೂಸಿಗಿ ಧೋಕಾ ಅದಂತ. ಊರಿಗಿ ಕಳಸ್ರಿ ಅಂದ," ಅಂದ್ರು. ಮೊದಲಿನ ಬಸರು ನಿಂತಿರ್ಲಿಲ್ಲ ನನಗ, ಕಮಲಾಪುರದಾಗ, ಅದು ನಿಮಗ ಯಾರೂ ಹೇಳಿಲ್ಲ, ಇರ್ಲಿ ಬಿಡ್ರಿ. ಆ ಹೊತ್ತಿನ್ಯಾಗ ಒಬ್ಬಾಕೀನೇ ಅಷ್ಟು ದೂರ ವಿಮಾನದಾಗ ಹ್ಯಾಂಗ ಬರಬೇಕು? ಇದ್ರ ಇಲ್ಲಿ ಉಪಾಸ, ಹೋದ್ರ ದಾರ್ಯಾಗ ಏನಾಗ್ತದೋ. ಇವರಿಗಿ ಡ್ಯೂಟಿ ಇತ್ತು, ಫ್ಯಾಕ್ಟರಿಗಿ ಹೋದ್ರು. ನಾ ಗ್ವಾಡಿ ಹಿಡಕೊಂಡು ಮನಿ ಕಡಿ ನಡದೆ.

ಗೇಟಿನ ಹತ್ರ ಬಂದೀನಿ, ವಾಸನಿ ಬಂತು. ಏ ನಗಬ್ಯಾಡ, ಖರೇ ಹೇಳ್ತೀನಿ, ಜ್ವಾಳ ಸುಡೋ ವಾಸನಿ! ಬಸರಿ ಮೂಗು ನಾಯಿ ಮೂಗು ಇದ್ದಂಗ, ನಿನಗ ಗೊತ್ತೇ ಅದಲ್ಲ. ನನಗ ಹುಚ್ಚು ಹಿಡೀತೋ ಏನೋ ಅಂದ್ಕೊಂಡೆ. ವಾಸನಿ ಹಿಡಕೊಂಡು ಗೇಟು ದಾಟಿ ಹೋದ್ರ, ಗ್ವಾಡಿ ಆಚಿಗಿ ಒಂದು ಮಣ್ಣಿನ ಮನಿ, ವಾಚ್‌ಮನ್‌ದು. ಅವನ ಹೆಂಡತಿ ಹಲೀಮಾ, ಹೆಸರು ಆಮ್ಯಾಲ ಗೊತ್ತಾತು, ಅಂಗಳದಾಗ ಇದ್ದಲಿ ಮ್ಯಾಲ ಹಂಚಿಟ್ಟು ಕುಂತಿದ್ಲು. ತೆಳ್ಳನ ಹಿಟ್ಟು ಸುರುವಿ, ತಾಳಿ ಗರಿ ತುಂಡಿಲೆ ಸರ್ರಂತ ಎಳೀಲಾಕತ್ತಿದ್ಲು, ನಾವು ದ್ವಾಸಿ ಎಳೀತೀವಲ್ಲ ಹಂಗ. ಬಾಜೂಕ ಒಂದು ಚೀಲ. ಕೇಳಲಿಲ್ಲ ಗೀಳಲಿಲ್ಲ, ಸೀದಾ ಹೋಗಿ ಚೀಲದಾಗ ಕೈ ಹಾಕ್ದೆ. ಜ್ವಾಳ! ಮುಷ್ಟಿ ತುಂಬ ಜ್ವಾಳ ಹಿಡಕೊಂಡು ಅಲ್ಲೇ ನೆಲಕ್ಕ ಕುಂತು ಅಳ್ಳಾಕ ಚಾಲೂ ಮಾಡ್ದೆ. ಆಕಿ ಗಾಬರಿ. ಯಾರೋ ಸೀರಿ ಉಟ್ಟಾಕಿ ಬಂದು ತನ್ನ ಚೀಲದಾಗ ಕೈ ಹಾಕಿ ಅಳ್ಳಾಕತ್ತಾಳಂದ್ರ! ಆಕಿ ಭಾಷಾ ನನಗ ಬರಂಗಿಲ್ಲ, ನನ್ನದು ಆಕಿಗಿ ಬರಂಗಿಲ್ಲ. ಹೊಟ್ಟಿ ಮ್ಯಾಲ ಕೈ ಇಟ್ಟು ನಮ್ಮ ಮಾತಿನ್ಯಾಗೇ ಅಂದೆ, "ಖಾಲಿ, ಖಾಲಿ ಅದವಾ." ಅದೇ ಶಬ್ದ ಅವರಿಗೂ ಅದಂತ! ಆಕಿ ನನ್ನ ಉಬ್ಬಿದ ಹೊಟ್ಟಿ ನೋಡಿದ್ಲು, ನನ್ನ ಮಾರಿ ನೋಡಿದ್ಲು, "ಖಾಲೀ?" ಅಂತ ಅಂದು ನಕ್ಕೋತ ನಕ್ಕೋತ ಬಗ್ಗಿಬಿಟ್ಲು.

ನಕ್ಕು ಮುಗದ ಮ್ಯಾಲ ತಾಟಿನ್ಯಾಗ ಹಾಳಿಯಂಥ ತೆಳ್ಳನ ದ್ವಾಸಿ ನಾಕು ಹಾಕಿ, ಒಣಾ ಬೆಂಡಿಕಾಯಿ ಪುಡಿ ಹಾಕಿದ ಸಾರು ಸುರುವಿ ಕೊಟ್ಲು. ಬಾಯಾಗಿಟ್ರ ಹುಳಿ! ಹಿಟ್ಟು ಹುದಗ್ಸಿ ಮಾಡ್ತಾರ ಅವರು. ಅಯ್ಯ, ಜ್ವಾಳ ಹಾಳು ಮಾಡ್ಯಾರಲ್ಲ ಇವರು ಅಂತ ಮನಸಿನ್ಯಾಗ ಅನ್ಕೋತ, ಎಲ್ಲಾ ತಿಂದೆ. ಮತ್ತ ಹಾಕಿದ್ಲು, ಅದನ್ನೂ ತಿಂದೆ. ವಾಂತಿ ಆಗ್ತದೇನಂತ ಕುಂತೆ, ಕುಂತೆ. ಇಲ್ಲ. ಹೊಟ್ಟಿ ಸುಮ್ನ ಕುಂತದ, ಸಾಲಿ ಮಾಸ್ತರ ಮುಂದಿನ ಹುಡುಗನಂಗ.

ಮರುದಿನ ಆಕಿ ಅಂಗಳದಾಗೇ ಎಸರಿಟ್ಟು, ಹಿಟ್ಟು ನಾದಿ, ರೊಟ್ಟಿ ಬಡೀಲಾಕ ಕುಂತೆ. ಪಟಪಟ ಬಡದ್ರ ಹಲೀಮಾ ನನ್ನ ಕೈ ಹಿಡಕೊಂಡು ಬಿಡಸ್ತಾಳ, ಹಿಟ್ಟಿನ ಮ್ಯಾಲ ಸಿಟ್ಟು ಬಂದದೇನು ಇಕಿಗಂತ! ಆದ್ರ ರೊಟ್ಟಿ ಉಬ್ಬಿತು ನೋಡ್ರಿ, ಬುಗ್ಗಿ ಹಂಗ ಉಬ್ಬಿತು. ಆಕಿಗೊಂದು ತುಣುಕು ಕೊಟ್ಟೆ. ಚಪ್ಪಲಿ ಅಗದಂಗ ಅಗದ್ಲು, ಅಗದ್ಲು, ನುಂಗಿ, "ಕ್ವೈಸ್," ಅಂದ್ಲು. ಚಲೋ ಅದ ಅಂತ ಅರ್ಥ. ಮಾರಿ ಮಾತ್ರ ಬ್ಯಾರೇನೇ ಹೇಳ್ಲಾಕತ್ತಿತ್ತು, ಥೇಟ್ ಹಿಂದಿನ ದಿನ ನನ್ನ ಮಾರಿ ಇದ್ದಂಗ.

ಈಗ ಕೇಳ್ರಿ, ನಿಮ್ಮ ಮುತ್ಯಾನ ಸುದ್ದಿ. ಆವತ್ತು ಸಂಜಿಮುಂದ ಡ್ಯೂಟಿ ಮುಗಿಸಿ ಬಂದ್ರು. ನಾ ಭಾಳ ಹುರುಪಿನ್ಯಾಗ ತಾಟಿಗಿ ರೊಟ್ಟಿ ಹಾಕಿ, "ನೋಡ್ರೀ, ಜ್ವಾಳ ಸಿಕ್ಕದ!" ಅಂದೆ. ಕುಣೀತಾರ ಅಂತ ತಿಳಕೊಂಡಿದ್ದೆ. ಅವರು ಮುರಕೊಂಡು ಬಾಯಿಗಿಟ್ಟು, "ಹೂಂ. ಫ್ಯಾಕ್ಟರ್ಯಾಗ ಇದೇ ಜ್ವಾಳದ್ದು ಕೊಡ್ತಾರ, ಅದು ತೆಳ್ಳಗ, ಹುಳಿ ಇರ್ತದ," ಅಂದ್ರು. 

"ಯಾವಾಗ ಕೊಡ್ತಾರ?" 

"ದಿನಾ ಮಧ್ಯಾಹ್ನ." 

"ಯಾವಾಗಿಂದ ತಿನ್ಲಾಕತ್ತೀರಿ?" 

"ಬಂದಾಗಿಂದ." 

"ಮತ್ತ ನನಗ್ಯಾಕ ಹೇಳಲಿಲ್ಲ?" 

"ನೀ ಕೇಳಲಿಲ್ಲ."

ಕೈಯಾಗ ಬಿಸಿ ಹಂಚಿತ್ತು, ಆದ್ರ ಹೊಟ್ಯಾಗ ಕೂಸಿತ್ತು, ಅದಕ್ಕ ಉಳಕೊಂಡ್ರು ಪುಣ್ಯಾತ್ಮ. ನಾ ಇಲ್ಲಿ ಸಾಯ್ಲಾಕತ್ತೀನಿ, ಇವರು ಅಲ್ಲಿ ದಿನಾ ಜ್ವಾಳ ತಿಂದು ಬಾಯಿ ಒರಸ್ಕೊಂಡು ಬಂದು, "ಬ್ರೆಡ್ ತಿನ್ನು ಶಾಂತಾ, ಬ್ರೆಡ್ ತಿನ್ನು," ಅಂತಿದ್ರು! ನಾ ಬೈಯ್ಲಾಕ ಹತ್ತಿದ ಮ್ಯಾಲ ಅಂದ್ರು, "ರೊಟ್ಟಿ ಅಂತ ನೀ ಅಳ್ತಿದ್ದಿ, ಅದೂ ರೊಟ್ಟಿ ಅಂತ ನನಗ ಹೊಳೀಲೇ ಇಲ್ಲ. ಮತ್ತ ಫಾರಿನ್‌ಗ ಕರಕೊಂಡು ಬಂದು ಹೆಂಡತಿಗಿ ಕೂಲಿಯವ್ರ ಊಟ ತಂದು ಕೊಡಲೇನು? ನಿಮ್ಮಪ್ಪ ಏನಂದಾನು?" ಅಂತಂದು ತಾಟು ಸರಿಸಿದ್ರು. ನೋಡ್ತೀನಿ, ಕಣ್ಣಾಗ ನೀರು. ಬೈಯೋ ಮಜಾನೂ ಹೋತು. ಮರುದಿನ ಹೆಗಲ ಮ್ಯಾಲ ಒಂದು ಚೀಲ ಜ್ವಾಳ ಹೊತಕೊಂಡು, ಕಾಲೋನಿ ನಟ್ಟನಡುವಿಂದ, ಮೇಡಂ ಕಿಡಕಿ ಮುಂದಿಂದೇ ಬಂದ್ರು. ಮೇಡಂ ಮೂಗು ಏರಿಸಿದ್ಲು. ಆಮ್ಯಾಲ ಆಕಿಗಿ ಶುಗರ್ ಬಂತಲ್ಲ, ಡಬ್ಬಿ ಕೊಟ್ಟು ಕಳಸ್ತಿದ್ಲು, "ದೋ ರೋಟಿ ದೇನಾ, ಕಿಸೀಕೋ ಬೋಲ್ನಾ ಮತ್." ನಾ ಯಾರಿಗೂ ಹೇಳಲಿಲ್ಲ, ಕಾಲೋನಿಯವ್ರು ತಾವೇ ತಿಳಕೊಂಡ್ರು.

ತೂಕ ಏರ್ತು, ಡಾಕ್ಟರ್ ತನ್ನ ಗುಳಿಗಿ ಹತ್ತಿತು ಅಂದ, ಅನ್ಲಿ. ನಿಮ್ಮವ್ವ ಅಲ್ಲೇ ಹುಟ್ಟಿದ್ಲು, ಮಧ್ಯಾಹ್ನದ ಉರಿಬಿಸಲಾಗ, ಹಲೀಮಾನೇ ನನ್ನ ತಲಿ ಹಿಡಕೊಂಡಿದ್ಲು. ಮೂರು ವರ್ಷದಾಕಿ ಇದ್ದಾಗ ಕಲಬುರಗಿಗಿ ವಾಪಸ್ ಬಂದ್ವಿ. ನಮ್ಮತ್ತಿ ಮೊಮ್ಮಗಳಿಗಂತ ಬೆಣ್ಣಿ ಹಚ್ಚಿ ಬಿಸಿ ರೊಟ್ಟಿ ಕೊಟ್ರ, ಇಕಿ ತಾಟು ದೂಡಿ, ಹುಳೀದೇ ಬೇಕಂತ ನೆಲಕ್ಕ ಬಿದ್ದು ಉಳ್ಳಾಡ್ತಾಳ! ನಾ ಹಿಟ್ಟು ಹುದಗಿಟ್ರ ನಮ್ಮತ್ತಿ ಓಣಿ ತುಂಬ, "ನಮ್ಮ ಸೊಸಿ ಫಾರಿನ್‌ಗ ಹೋಗಿ ಹಳಸಿದ್ದು ತಿನ್ನೋದು ಕಲ್ತು ಬಂದಾಳ," ಅಂತ ಹೇಳ್ಕೋತ ತಿರಗಿದ್ರು. ಈಗ ಟಿವ್ಯಾಗ ಆ ದೇಶದಾಗ ಗುಂಡು ಹಾರ್ಲಾಕತ್ತಾವ ಅಂತ ತೋರಸ್ತಾರ, ಮನಿ ಬಿಟ್ಟು ಗಂಟು ಹೊತಕೊಂಡು ಹೊಂಟ ಹೆಣ್ಣುಮಕ್ಕಳನ್ನ ತೋರಸ್ತಾರ. ಒಬ್ಬೊಬ್ಬರ ಮಾರಿ ದಿಟ್ಟಿಸಿ ನೋಡ್ತೀನಿ. ಹಲೀಮಾ ಎಲ್ಲದಾಳೋ, ಆಕಿ ಮುಂದ ತಾಟು ಇಡೋರು ಯಾರರೇ ಅದಾರೋ ಇಲ್ಲೋ.

ಅದಕ್ಕ ಹೇಳ್ತೀನಿ ಪೂಜಾ, ಯಾವ ಊರಿಗರೇ ಹೋಗು, ಮೊದ್ಲ ಬಾಜೂ ಮನಿ ಒಲಿ ಮ್ಯಾಲ ಏನದ ಅಂತ ಇಣಕಿ ನೋಡು. ಗಂಡ ಮನಿಗಿ ಬಂದ ಕೂಡ್ಲೆ "ಮಧ್ಯಾಹ್ನ ಏನು ಉಂಡ್ರಿ?" ಅಂತ ಕೇಳು, ಅವರು ತಾವಾಗೇ ಹೇಳಂಗಿಲ್ಲ. ಏಳ್ರಿ ಈಗ, ನನ್ನ ಕಾಲು ಜೋಮು ಹಿಡದಾವ.