ಟ್ಯಾಂಕಿಗೆ ಮೆತ್ತಿದ ಸೋಪು

ಆಯುಧಪೂಜೆಯ ಮರುದಿನ ಜಯನಗರ ನಾಲ್ಕನೇ ಬ್ಲಾಕಿನ ಬಸ್‌ಸ್ಟಾಪಿನಲ್ಲಿ ನನ್ನ ಪಕ್ಕ ಗಂಡ ಹೆಂಡತಿ ನಿಂತಿದ್ದರು.

"ಸ್ಕೂಟರಿನ ಪ್ಲಾಸ್ಟಿಕ್ ಟ್ಯಾಂಕು ಬಿರುಕು ಬಿಟ್ರೆ ಸೋಪು ಮೆತ್ತಿದ್ರೆ ಸಾಕು ಅಂದ್ರಲ್ಲ ನೀವು, ದೊಡ್ಡ ಇಂಜಿನಿಯರ್ರು!"

"ಎರಡು ದಿನ ಸೋರೋದು ನಿಂತಿತ್ತಲ್ಲ, ಕಾತ್ಯಾಯಿನಿ."

"ಹೌದೌದು. ನಿನ್ನೆ ಪೆಟ್ರೋಲು ತೊಟ್ಟಿಕ್ತಿದ್ರೂ ಕರ್ಪೂರ ಬೆಳಗೋಕೆ ಬಂದ್ರಲ್ಲ, ಮಗಳನ್ನ ಸೀಟಿನ ಮೇಲೆ ಕೂರಿಸಿ!"

"ನೀನು ಊದಿ ಆರಿಸಿದೆಯಲ್ಲ."

"ಪೂಜೆ ಕೆಡಿಸಿದೆ ಅಂತ ನಿಮ್ಮಮ್ಮ ಇನ್ನೂ ನನ್ನ ಹತ್ರ ಮಾತಾಡ್ತಿಲ್ಲ."



"ಹೊಸ ಟ್ಯಾಂಕು ಹಾಕೋಕೆ ಗಾಡಿ ಗ್ಯಾರೇಜಲ್ಲಿ ಬಿಟ್ಟಿದೀನಿ. ತಪ್ಪು ನಂದೇ ಅಂತ ಅಮ್ಮಂಗೂ ಹೇಳ್ತೀನಿ."

"ಅಯ್ಯೋ, ನಿಧಾನಕ್ಕೆ ಹೇಳಿ. ಮಗ ತಪ್ಪು ಒಪ್ಕೊಂಡ ಅಂತ ಗಾಬರಿಯಾದಾರು."

ಬಸ್ಸು ಬಂತು. ಅವಳು ಮುಂದಿನ ಬಾಗಿಲಲ್ಲಿ ಹತ್ತಿ, ಗಂಡ ಹಿಂದಿನ ಬಾಗಿಲಲ್ಲಿ ಹತ್ತಿದನೇ ಎಂದು ತಿರುಗಿ ನೋಡಿದಳು.